ಹತ್ತು ವರ್ಷದ ಮಗುವಿಗೆ ಕೇಳಿಸಿದ ಕರೆ



ಪ್ರತಿ ತಿಂಗಳ ಮೊದಲ ಭಾನುವಾರ ಕನ್ನಡ ತರಗತಿಯ ಪಕ್ಕದ ಕೊಠಡಿಯಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆಗೆಂದು ಕುಳಿತುಕೊಳ್ಳುವ ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವುದು ಉಪ್ಪು, ಅನ್ನ, ನಡಿಗೆ ಇವುಗಳ ಬಗ್ಗೆ. ಈ ಸಲ ವೈದ್ಯಕ್ಕೆ ಅರ್ಧ ಮಾತ್ರ ಸಂಬಂಧಿಸಿದ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಕಳೆದ ಕೆಲವು ವಾರಗಳಿಂದ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಗುಸುಗುಸುವಾಗಿ ಹರಿದಾಡುತ್ತಿರುವ ಮಾತನ್ನು ಬಹಿರಂಗವಾಗಿ ಆಡಿಬಿಡುವುದೇ ಮೇಲೆಂದು ನನಗೆ ತೋರಿದೆ. ಸಂಬಂಧಪಟ್ಟ ಮಗುವಿನ ತಂದೆತಾಯಿಯರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅಭಿಪ್ರಾಯ ನನ್ನದು, ಕೂಟದ್ದಲ್ಲ.

ಸಂಗತಿ ಇಷ್ಟು. ‘ನಾನು ದೊಡ್ಡವನಾದ ಮೇಲೆ’ ಎಂಬ ವಿಷಯದ ಮೇಲೆ ಐದು ವಾಕ್ಯ ಬರೆದು ಓದುವಂತೆ ಮಕ್ಕಳಿಗೆ ಹೇಳಲಾಗಿತ್ತು. ಒಬ್ಬ ನಾಸಾ ಸೇರುವವನಿದ್ದ, ಒಬ್ಬಳು ನಾಯಿಗಳ ಡಾಕ್ಟರಾಗುವವಳಿದ್ದಳು, ಇಬ್ಬರು ಯೂಟ್ಯೂಬಿನಲ್ಲಿ ಹಣ ಗಳಿಸುವವರಿದ್ದರು. ಎಲ್ಲರಿಗೂ ಚಪ್ಪಾಳೆ ಬಿತ್ತು. ಆಮೇಲೆ ಹತ್ತು ವರ್ಷದ ಬಾಲಕಿಯೊಬ್ಬಳು ಎದ್ದು ನಿಂತು, ತಾನು ವೈದ್ಯಳಾಗಿ ಆಫ್ರಿಕಾಕ್ಕೆ ಹೋಗುವೆನೆಂದೂ, ಅಲ್ಲಿ ಮಿಷನರಿಯಾಗಿ ದುಡಿಯುವೆನೆಂದೂ, ಯೇಸುಸ್ವಾಮಿ ತನ್ನನ್ನು ಕರೆದಿದ್ದಾರೆಂದೂ ಓದಿದಳು. ಕಾಗುಣಿತದ ಒಂದು ತಪ್ಪೂ ಇರಲಿಲ್ಲವೆಂದು ಶಿಕ್ಷಕಿ ಹೇಳುತ್ತಾರೆ. ಚಪ್ಪಾಳೆ ಮಾತ್ರ ಒಂದೆರಡು ಕೈಗಳಿಂದಷ್ಟೇ ಬಂತು. ಅಂದು ಸಂಜೆಯಿಂದ ಸಂದೇಶಗಳು ಶುರುವಾದವು: ಕನ್ನಡ ತರಗತಿಯಲ್ಲಿ ಇಂಥದ್ದಕ್ಕೆಲ್ಲ ಅವಕಾಶ ಕೊಡಬೇಕೆ, ಮತಾಂತರದ ಮಾತನ್ನು ಅವರವರ ಮನೆಯಲ್ಲಿಟ್ಟುಕೊಳ್ಳಬಾರದೆ, ನಾಳೆ ನಮ್ಮ ಮಕ್ಕಳಿಗೂ ಈ ಗಾಳಿ ಬೀಸಿದರೆ ಗತಿಯೇನು.

ಆ ಮನೆಯವರು ಧಾರವಾಡದವರು. ಹಲವು ತಲೆಮಾರುಗಳಿಂದ ಬಾಸೆಲ್ ಮಿಷನ್ ಸಂಪ್ರದಾಯದ ಸಭೆಗೆ ಸೇರಿದವರು. ಅವರ ಮನೆಯಲ್ಲಿ ಪ್ರಾರ್ಥನೆ ನಡೆಯುವುದು ಕನ್ನಡದಲ್ಲಿ, ಹಾಡುವುದು ಕನ್ನಡದ ಕೀರ್ತನೆಗಳನ್ನು. ಇಲ್ಲಿ ಹುಟ್ಟಿ ಬೆಳೆದ ಆ ಮಗುವಿನ ಕನ್ನಡ ನಮ್ಮಲ್ಲಿ ಹೆಚ್ಚಿನ ಮಕ್ಕಳ ಕನ್ನಡಕ್ಕಿಂತ ಶುದ್ಧವಾಗಿರುವುದಕ್ಕೆ ಆ ದಿನನಿತ್ಯದ ಪ್ರಾರ್ಥನೆಯೇ ಕಾರಣವಿರಬೇಕು. ತನ್ನ ಮನಸ್ಸಿನ ಅತ್ಯಂತ ಗಂಭೀರವಾದ ಮಾತನ್ನು ಆಕೆ ಇಂಗ್ಲಿಷಿನಲ್ಲಿ ಹೇಳದೆ ಕನ್ನಡದಲ್ಲಿ ಹೇಳಿದಳು. ಕನ್ನಡ ತರಗತಿ ನಡೆಸುವ ನಾವು ಬಯಸುವುದು ಇದನ್ನೇ ಅಲ್ಲವೆ?

ಬಾಲ್ಯದ ಕರೆ ಎಂಬುದು ನಮಗೆ ಹೊಸತೂ ಅಲ್ಲ, ಪರಕೀಯವೂ ಅಲ್ಲ. ಶಂಕರರು ಎಂಟನೆಯ ವಯಸ್ಸಿನಲ್ಲಿ ತಾಯಿಯ ಒಪ್ಪಿಗೆ ಪಡೆದು ಮನೆ ಬಿಟ್ಟರೆಂದು ಹೇಳುವ ಐತಿಹ್ಯವನ್ನು ನಾವು ಮಕ್ಕಳಿಗೆ ಮೆಚ್ಚುಗೆಯಿಂದ ಹೇಳುತ್ತೇವೆ. ಉಡುಪಿಯ ಅಷ್ಟಮಠಗಳಲ್ಲಿ ಬಾಲಸಂನ್ಯಾಸದ ಪರಂಪರೆ ಇಂದಿಗೂ ಇದೆ. ಶಿರೂರು ಮಠಕ್ಕೆ ಹದಿನಾರರ ಹುಡುಗನೊಬ್ಬ ಪೀಠಾಧಿಪತಿಯಾದಾಗ ವಿಷಯ ಹೈಕೋರ್ಟಿಗೆ ಹೋಗಿ, 2021ರಲ್ಲಿ ನ್ಯಾಯಾಲಯ ಆ ನೇಮಕದಲ್ಲಿ ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಇನ್ನು ಸಾಗರದಾಚೆಗೆ ಹೋಗಿ ಧರ್ಮವನ್ನು ಹೇಳುವುದು? 1893ರಲ್ಲಿ ಶಿಕಾಗೋಗೆ ಬಂದ ವಿವೇಕಾನಂದರು ಮಾಡಿದ್ದೂ ಅದನ್ನೇ; ನಾಲ್ಕು ವರ್ಷಗಳ ತರುವಾಯ ತಾವು ಕಟ್ಟಿದ ಸಂಸ್ಥೆಗೆ ಅವರು ‘ಮಿಷನ್’ ಎಂಬ ಪದವನ್ನೇ ಇಟ್ಟರು. ಅದೇ ಶಿಕಾಗೋ ಸಭೆಯಲ್ಲಿ ಅವರು, ಹಸಿದ ಭಾರತಕ್ಕೆ ಬೇಕಾಗಿರುವುದು ಅನ್ನವೇ ಹೊರತು ಇನ್ನೊಂದು ಧರ್ಮವಲ್ಲವೆಂದು ಕ್ರೈಸ್ತ ಮಿಷನರಿಗಳಿಗೆ ಮುಖಕ್ಕೆ ಹೇಳಿದರೆಂಬುದನ್ನೂ ಮರೆಯಬೇಕಿಲ್ಲ. ಆ ಆಕ್ಷೇಪಣೆಗೆ ಮುಂದೆ ಬರುತ್ತೇನೆ, ಏಕೆಂದರೆ ಅದು ನನ್ನ ಆಕ್ಷೇಪಣೆಯೂ ಹೌದು.

ಮೊದಲು ಈ ಕರೆ ಮಗುವಿನ ಕಿವಿಗೆ ಬೀಳುವುದು ಹೇಗೆಂಬುದನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಅದು ತಾನಾಗಿಯೇ ಆಕಾಶದಿಂದ ಇಳಿದುಬರುತ್ತಿರಲಿಲ್ಲ. ಅದನ್ನು ಯೋಜನೆಯಿಂದ ಬಿತ್ತಲಾಗುತ್ತಿತ್ತು. ಭಾನುವಾರದ ಶಾಲೆಗಳಲ್ಲಿ ಮಕ್ಕಳ ಕೈಗೆ ದೂರದೇಶದ ಕಥೆಗಳ ಪುಟ್ಟ ಪುಸ್ತಕಗಳನ್ನೂ ಕಾಣಿಕೆಯ ಡಬ್ಬಿಗಳನ್ನೂ ಕೊಡುತ್ತಿದ್ದರು. 1844ರಲ್ಲಿ ಲಂಡನ್ ಮಿಷನರಿ ಸೊಸೈಟಿಯವರು ಶಾಂತಸಾಗರದ ದ್ವೀಪಗಳಿಗೆ ಕಳಿಸಿದ ‘ಜಾನ್ ವಿಲಿಯಮ್ಸ್’ ಎಂಬ ಹಡಗನ್ನು ಕೊಂಡದ್ದು ಮಕ್ಕಳು ಕೂಡಿಸಿದ ಚಿಲ್ಲರೆ ಕಾಸಿನಿಂದ. ನ್ಯೂಯಾರ್ಕಿನ ವೈದ್ಯ ಜಾನ್ ಸ್ಕಡರ್ ಎಂಬವರು, ರೋಗಿಯೊಬ್ಬರ ಮನೆಯಲ್ಲಿ ಕಣ್ಣಿಗೆ ಬಿದ್ದ ಕಿರುಹೊತ್ತಗೆಯೊಂದನ್ನು ಓದಿ ಮನಸ್ಸು ಬದಲಿಸಿಕೊಂಡು, 1819ರಲ್ಲಿ ಸಿಂಹಳಕ್ಕೆ ಹೊರಟರು. ಅಲ್ಲಿಂದ ಮುಂದೆ ಮದರಾಸಿಗೆ ಬಂದರು. ಅವರು ಅಮೆರಿಕದ ಪುಟ್ಟ ಮಕ್ಕಳಿಗಾಗಿಯೇ ಪುಸ್ತಕಗಳನ್ನು ಬರೆದರು. ನಮ್ಮವರ ಪೂಜೆ, ಜಾತ್ರೆ, ಹರಕೆಗಳನ್ನು ಅವುಗಳಲ್ಲಿ ಚಿತ್ರಿಸಿರುವ ಬಗೆಯನ್ನು ಇಂದು ಓದಿದರೆ ಯಾವ ಭಾರತೀಯನಿಗೂ ಮೈ ಉರಿಯುತ್ತದೆ. ಅಂಧಕಾರದಲ್ಲಿ ಬಿದ್ದಿರುವ ಜನ, ಅವರನ್ನು ಎತ್ತಲು ಬರಬೇಕಾದ ಬಿಳಿಯ ಬಾಲಕ ಎಂಬುದು ಅವುಗಳ ಸಾರ. ಹಾಗೆ ಕಟ್ಟಿದ ಕರೆಯಲ್ಲಿ ಅರ್ಧ ಕರುಣೆ, ಅರ್ಧ ಅಹಂಕಾರ. ಮಗುವಿಗೆ ಇವೆರಡರ ನಡುವಿನ ಗೆರೆ ಕಾಣಿಸುವುದಿಲ್ಲ, ಅದು ಮಗುವಿನ ತಪ್ಪೂ ಅಲ್ಲ.

ಆದರೆ ಅದೇ ಮನೆತನದ ಮುಂದಿನ ಕಥೆಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಜಾನ್ ಸ್ಕಡರರ ಮೊಮ್ಮಗಳು ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ನಮ್ಮ ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯ ರಾಣಿಪೇಟೆಯಲ್ಲಿ. ಅಜ್ಜ ಮಿಷನರಿ, ಅಪ್ಪ ಮಿಷನರಿ, ದೊಡ್ಡಪ್ಪ ಚಿಕ್ಕಪ್ಪಂದಿರೆಲ್ಲರೂ ಮಿಷನರಿಗಳು. 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ, ತನ್ನದೇ ವಯಸ್ಸಿನ ಮಕ್ಕಳ ಬಾಯಿಗೆ ರೊಟ್ಟಿಯ ಚೂರು ಹಾಕಿದವಳು ಈ ಐಡಾ. ಅಷ್ಟೆಲ್ಲ ನೋಡಿದ ಆ ಹುಡುಗಿ ಮಾಡಿಕೊಂಡ ಸಂಕಲ್ಪವೇನು? ಏನಾದರೂ ಆದೇನು, ಮಿಷನರಿಯಂತೂ ಆಗೆನು ಎಂದು! ಅಮೆರಿಕದಲ್ಲಿ ಓದು ಮುಗಿಸಿ ಒಳ್ಳೆಯ ಮನೆ ಸೇರಿ ಸುಖವಾಗಿರಬೇಕೆಂಬುದೇ ಅವಳ ಆಸೆಯಾಗಿತ್ತು. ತಾಯಿಗೆ ಕಾಯಿಲೆಯೆಂದು ಒಲ್ಲದ ಮನಸ್ಸಿನಿಂದ ತಿಂಡಿವನಕ್ಕೆ ಮರಳಿದಳು.

ಅಲ್ಲಿ ಒಂದು ರಾತ್ರಿ ಮೂವರು ಗಂಡಸರು, ಒಬ್ಬರ ಹಿಂದೆ ಒಬ್ಬರು, ಅವರ ಮನೆಯ ಬಾಗಿಲಿಗೆ ಬಂದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಮತ್ತೊಬ್ಬ ಇನ್ನೊಂದು ಜಾತಿಯ ಹಿಂದೂ. ಮೂವರ ಹೆಂಡಂದಿರೂ ಹೆರಿಗೆಯ ನೋವಿನಲ್ಲಿ ಒದ್ದಾಡುತ್ತಿದ್ದರು. ತಂದೆ ವೈದ್ಯರಿದ್ದಾರೆ, ಕರೆದುಕೊಂಡು ಹೋಗಿ ಎಂದಳು ಐಡಾ. ಪರಪುರುಷನನ್ನು ಹೆರಿಗೆಯ ಕೋಣೆಗೆ ಬಿಡಲಾರೆವೆಂದು ಮೂವರೂ ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಆಕೆ ಅಮೆರಿಕಕ್ಕೆ ಹಿಂತಿರುಗಿ ವೈದ್ಯಕೀಯ ಓದಿ, 1899ರಲ್ಲಿ ಕಾರ್ನೆಲ್‌ನಿಂದ ಪದವಿ ಪಡೆದು, 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ಆರಂಭಿಸಿದಾಗ, ಮೂರು ಅರ್ಜಿ ಬಂದರೆ ನಿಮ್ಮ ಪುಣ್ಯವೆಂದು ಸರ್ಕಾರಿ ವೈದ್ಯಾಧಿಕಾರಿಗಳು ನಕ್ಕಿದ್ದರಂತೆ. ಬಂದವು 151. ಇಂದು ವೆಲ್ಲೂರಿನ ಸಿಎಂಸಿ ಎಂದರೆ ಯಾವ ಕನ್ನಡಿಗನಿಗೂ ಪರಿಚಯ ಹೇಳಬೇಕಿಲ್ಲ. ನಮ್ಮ ಕೂಟದಲ್ಲೇ ಅಲ್ಲಿ ಚಿಕಿತ್ಸೆ ಪಡೆದ ಬಂಧುಗಳಿರುವ ಮನೆಗಳು ಹಲವು.

ಈ ಕಥೆಯನ್ನು ಸಾಮಾನ್ಯವಾಗಿ ದೈವಕರೆಯ ಕಥೆಯೆಂದು ಹೇಳುತ್ತಾರೆ. ಐಡಾ ಅವರೂ ಹಾಗೆಯೇ ನಂಬಿದ್ದರು. ವೈದ್ಯನಾಗಿ ನನಗೆ ಅದರಲ್ಲಿ ಕಾಣುವುದು ಇನ್ನೊಂದು ಅಂಶ. ಮನೆಯ ಹಿರಿಯರು ಹುಟ್ಟಿದಂದಿನಿಂದ ಕೂಗಿ ಕರೆದದ್ದು ಅವಳಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಬಾಗಿಲಲ್ಲಿ ನಿಂತ ಮೂವರು ಅಪರಿಚಿತರ ದನಿ. ಅವರು ಕೇಳಿದ್ದು ಧರ್ಮವನ್ನಲ್ಲ, ಒಬ್ಬ ಹೆಣ್ಣು ವೈದ್ಯೆಯನ್ನು. ಅವರು ಕೇಳಿದ್ದನ್ನೇ ಕೊಡಲು ಆಕೆ ಹಲವು ವರ್ಷ ಓದಬೇಕಾಯಿತು; ಮುಂದೆ ಅದನ್ನು ತಾವೊಬ್ಬರೇ ಕೊಟ್ಟರೆ ಸಾಲದೆಂದು ಈ ನೆಲದ ಹೆಣ್ಣುಮಕ್ಕಳಿಗೇ ಕಲಿಸಿದರು.

ಆಲ್ಬರ್ಟ್ ಶ್ವೈಟ್ಸರ್ ಅವರದು ಬೇರೆ ಬಗೆ. ಅಲ್ಸಾಸ್ ಪ್ರಾಂತದ ಪಾದ್ರಿಯೊಬ್ಬರ ಮಗನಾದ ಅವರು ಬಾಲ್ಯದಲ್ಲಿ ಕೋಲ್ಮಾರ್ ಪಟ್ಟಣದ ಸ್ಮಾರಕವೊಂದರ ಬುಡದಲ್ಲಿದ್ದ ಆಫ್ರಿಕನ್ ಪುರುಷನ ಶಿಲ್ಪವನ್ನು ನೋಡುತ್ತ ನಿಲ್ಲುತ್ತಿದ್ದರಂತೆ. ಆ ಮುಖದ ವಿಷಾದ ತಮ್ಮನ್ನು ಬಿಡಲಿಲ್ಲವೆಂದು ಅವರೇ ಬರೆದಿದ್ದಾರೆ. (ಅದನ್ನು ಕಡೆದ ಬಾರ್ತೋಲ್ದಿಯೇ ನಮ್ಮ ನ್ಯೂಯಾರ್ಕಿನ ಸ್ವಾತಂತ್ರ್ಯದೇವತೆಯ ಶಿಲ್ಪಿ.) ತಂದೆ ಚರ್ಚಿನಲ್ಲಿ ಆಫ್ರಿಕದ ಮಿಷನರಿಯೊಬ್ಬರ ನೆನಪುಗಳನ್ನು ಓದಿ ಹೇಳುತ್ತಿದ್ದುದೂ ಮನಸ್ಸಿನಲ್ಲಿ ಉಳಿದಿತ್ತು. ಇಪ್ಪತ್ತೊಂದರಲ್ಲಿ ಅವರು ಮಾಡಿದ ನಿರ್ಧಾರ: ಮೂವತ್ತರವರೆಗೆ ಸಂಗೀತ ಮತ್ತು ವಿದ್ಯೆ, ಆನಂತರ ಸೇವೆ. ಹಾಗೆಯೇ ಮೂವತ್ತಕ್ಕೆ, ಬಾಖ್‌ನ ಸಂಗೀತದ ಬಗ್ಗೆ ಪ್ರಸಿದ್ಧ ಗ್ರಂಥ ಬರೆದಿದ್ದ ಪ್ರಾಧ್ಯಾಪಕ, ಹುಡುಗರ ಜೊತೆ ಕುಳಿತು ದೇಹರಚನಾಶಾಸ್ತ್ರ ಕಲಿಯಲು ಶುರುಮಾಡಿದರು. 1913ರಲ್ಲಿ ಹೆಂಡತಿಯೊಡನೆ ಲಾಂಬರೆನೆಗೆ ಹೊರಟರು. ಆಕೆಯೂ ಅದಕ್ಕೆಂದೇ ದಾದಿಯ ತರಬೇತಿ ಪಡೆದಿದ್ದರು. ಅವರ ಮತವಿಚಾರಗಳು ಸಂಪ್ರದಾಯಕ್ಕೆ ಒಗ್ಗಲಿಲ್ಲವಾಗಿ, ಬೋಧನೆ ಮಾಡಕೂಡದು, ವೈದ್ಯನಾಗಿ ಮಾತ್ರ ಇರತಕ್ಕದ್ದು ಎಂಬ ಷರತ್ತಿನ ಮೇಲೆ ಪ್ಯಾರಿಸ್ಸಿನ ಮಿಷನ್ ಅವರಿಗೆ ಅಲ್ಲಿ ಜಾಗ ಕೊಟ್ಟಿತು. ನನ್ನನ್ನು ಕೇಳಿದರೆ, ಎಲ್ಲ ವೈದ್ಯ ಮಿಷನರಿಗಳಿಗೂ ಹಾಕಬೇಕಾದ ಷರತ್ತು ಅದು.

ಶ್ವೈಟ್ಸರರನ್ನು ನಾವು ಶಾಲೆಯ ಪಾಠಗಳಲ್ಲಿ ಸಂತನೆಂದು ಓದಿದವರು. ಅವರು ಭಾರತೀಯ ಚಿಂತನೆಯ ಬಗ್ಗೆ ಪುಸ್ತಕ ಬರೆದು, ಅದು ಜೀವನವನ್ನು ನಿರಾಕರಿಸುವ ದರ್ಶನವೆಂದು ತೀರ್ಪಿತ್ತಾಗ, ರಾಧಾಕೃಷ್ಣನ್ ಅವರು ಸಾವಧಾನವಾಗಿ ಉತ್ತರ ಕೊಟ್ಟರು. ಆಫ್ರಿಕನ್ನರನ್ನು ತಮ್ಮನೆಂದು ಕರೆದು ತಾನು ಅಣ್ಣನ ಸ್ಥಾನದಲ್ಲಿ ನಿಂತ ಅವರ ಧೋರಣೆಯನ್ನು ನೈಜೀರಿಯಾದ ಚಿನುವ ಅಚೆಬೆ ಕಟುವಾಗಿ ಟೀಕಿಸಿದರು. ಅರ್ಧ ಶತಮಾನದಷ್ಟು ಕಾಲ ಅಲ್ಲಿದ್ದೂ ಶ್ವೈಟ್ಸರ್ ಆ ಜನರ ಭಾಷೆಯನ್ನು ಕಲಿಯಲಿಲ್ಲ, ಕೊನೆಯವರೆಗೂ ದುಭಾಷಿಗಳೇ. ನೊಬೆಲ್ ಪಾರಿತೋಷಕ ಅವರಿಗೆ ನ್ಯಾಯವಾಗಿಯೇ ಸಂದಿತು. ಆದರೂ ಭಾಷೆಯ ಮೇಲೆ ಪ್ರಾಣವಿಟ್ಟುಕೊಂಡು ಕೂಟ ಕಟ್ಟಿಕೊಂಡಿರುವ ನಮ್ಮಂಥವರಿಗೆ ಈ ಒಂದು ಕೊರತೆ ಎದ್ದು ಕಾಣದೆ ಇರದು. ನೋವು ಎಲ್ಲಿದೆ ಎಂಬುದನ್ನು ರೋಗಿ ಬೆರಳಿಟ್ಟು ತೋರಿಸಬಹುದು. ನೋವು ಹೇಗಿದೆ ಎಂಬುದನ್ನು ತಾಯ್ನುಡಿಯಲ್ಲೇ ಹೇಳಬೇಕು. ‘ಚುಚ್ಚುತ್ತದೆ’, ‘ಸೆಳೆಯುತ್ತದೆ’, ‘ಹಿಂಡಿದಂತಾಗುತ್ತದೆ’, ‘ಜೋಮು ಹಿಡಿದಿದೆ’ ಎಂಬ ಈ ನಾಲ್ಕು ಮಾತುಗಳು ನಾಲ್ಕು ಬೇರೆ ಬೇರೆ ರೋಗಗಳ ದಾರಿ ತೋರಬಲ್ಲವು.

ಭಾಷೆಯ ಮಾತು ಬಂದುದರಿಂದ ನಮ್ಮ ಕನ್ನಡನಾಡಿಗೇ ಬರುತ್ತೇನೆ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದದ್ದು ಪತ್ರಿಕೆ ನಡೆಸಲೆಂದಲ್ಲ. ಫರ್ಡಿನಾಂಡ್ ಕಿಟೆಲ್ ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1853ರಲ್ಲಿ, ಹಡಗು ಹತ್ತಿದ್ದು ನಿಘಂಟು ಮಾಡಲೆಂದಲ್ಲ. ಇಬ್ಬರೂ ಸುವಾರ್ತೆ ಸಾರಲು ಕರೆ ಪಡೆದು ಬಂದವರು. ಸಾರಬೇಕಾದರೆ ಜನರ ಮಾತು ಬರಬೇಕು, ಜನರ ಮಾತು ಬರಬೇಕಾದರೆ ಅವರ ಕಾವ್ಯ, ಗಾದೆ, ಬೈಗುಳ, ವ್ಯಾಕರಣ ಎಲ್ಲವೂ ತಿಳಿಯಬೇಕು. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋದವರು ಯಾವುದೋ ಹಂತದಲ್ಲಿ ಆ ಕೆಲಸವನ್ನೇ ಪ್ರೀತಿಸತೊಡಗಿದರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚು ಹಾಕಿಸಿದರು. ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ಕೋಶ ಹೊರಬಿತ್ತು. ಒಬ್ಬ ಶೈವ ಕವಿಯ ಕೃತಿಯನ್ನೂ ಒಬ್ಬ ಜೈನ ವೈಯಾಕರಣನ ಸೂತ್ರಗಳನ್ನೂ ಕ್ರೈಸ್ತ ಪಾದ್ರಿಯೊಬ್ಬ ಹಾಳೆ ಹಾಳೆಯಾಗಿ ತಿದ್ದುತ್ತ ಕುಳಿತಾಗ, ಅವನನ್ನು ಕಳಿಸಿಕೊಟ್ಟವರ ಉದ್ದೇಶ ಎಷ್ಟರಮಟ್ಟಿಗೆ ಈಡೇರಿತೋ ಕಾಣೆ. ನಮ್ಮ ಉದ್ದೇಶವಂತೂ ಈಡೇರಿತು. ಬೆಂಗಳೂರಿನಲ್ಲಿ ನಾವು ಪ್ರತಿಮೆ ನಿಲ್ಲಿಸಿರುವುದು ಆ ಕಿಟೆಲ್ಲರಿಗೆ.

ಈ ಪುಟದ ಇನ್ನೊಂದು ಮಗ್ಗುಲನ್ನು ಮುಚ್ಚಿಡುವವರನ್ನು ಕಂಡರೂ ನನಗೆ ಆಗದು. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಅವರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ಮರಳಿ, ಜೀವನವಿಡೀ ದುಡಿದರು. ಅವರದೂ ಕರೆಯೇ, ಅದನ್ನು ಪ್ರಾಮಾಣಿಕವಲ್ಲವೆನ್ನಲು ನಾವು ಯಾರು? ಆದರೆ ಅವರ ಪತ್ನಿ ಅವರ ಹಿಂದೆ ಬರಲಿಲ್ಲ. ಗಂಡ ಬದುಕಿರುವಾಗಲೇ ಗಂಡನನ್ನು ಕಳೆದುಕೊಂಡ ಆ ಹೆಣ್ಣಿನ ಮುಂದಿನ ದಿನಗಳನ್ನು ನೆನೆದಾಗ ಸಂಕಟವಾಗುತ್ತದೆ. ಒಬ್ಬರ ಕರೆ ಇನ್ನೊಬ್ಬರ ಮನೆಯನ್ನು ಮುರಿಯಬಲ್ಲದು. ಗುಸುಗುಸು ಮಾಡಿದ ಪೋಷಕರ ಮನಸ್ಸಿನ ತಳದಲ್ಲಿರುವ ಭಯ ಇದೇ ಎಂದು ನಾನು ಬಲ್ಲೆ. ಆ ಭಯಕ್ಕೆ ಚರಿತ್ರೆಯ ಆಧಾರವಿದೆ, ಅದನ್ನು ಹೀಗಳೆಯುವುದಿಲ್ಲ. ಅದನ್ನು ಹತ್ತು ವರ್ಷದ ಮಗುವಿನ ಮುಂದೆ ಮೌನದ ರೂಪದಲ್ಲಿ ತೋರಿಸಿದ್ದು ಮಾತ್ರ ಸರಿಯಲ್ಲ.

ಈಗ ನನ್ನ ಆಕ್ಷೇಪಣೆ. ನಾನು ಹುಟ್ಟಿದ್ದು ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ. ನಮ್ಮ ಕಡೆಯ ಹಿರಿಯರು ಅದನ್ನು ಇಂದಿಗೂ ‘ಜರ್ಮನ್ ದವಾಖಾನಿ’ ಎಂದೇ ಕರೆಯುತ್ತಾರೆ. ಮೂರು ದಿನದ ಬೇನೆಯ ನಂತರ ನಾನು ಹುಟ್ಟಿದೆನೆಂದೂ, ಆ ದವಾಖಾನಿ ಇರದಿದ್ದರೆ ತಾಯಿ ಮಗ ಇಬ್ಬರೂ ಉಳಿಯುತ್ತಿರಲಿಲ್ಲವೆಂದೂ ನಮ್ಮವ್ವ ಹೇಳುತ್ತಾಳೆ. ಹಾಗೆಂದು ಅವ್ವ ಧರ್ಮ ಬಿಡಲಿಲ್ಲ, ಬಿಡೆಂದು ಅಲ್ಲಿ ಯಾರೂ ಹೇಳಲೂ ಇಲ್ಲ. ತೊಟ್ಟಿಲು ಕಟ್ಟುವ ದಿನ ದವಾಖಾನಿಯ ದಾದಿಯೊಬ್ಬರು ಮನೆಗೆ ಬಂದು ಗೋಧಿ ಹುಗ್ಗಿ ಉಂಡು ಹೋದರಂತೆ. ಇಷ್ಟೆಲ್ಲ ಋಣವಿಟ್ಟುಕೊಂಡೇ ಹೇಳುತ್ತೇನೆ: ರೋಗಿಯ ಹಾಸಿಗೆ ಪ್ರವಚನದ ಪೀಠವಾಗಬಾರದು. ಹಿಂದಿನ ಕಾಲದ ಮಿಷನ್ ದವಾಖಾನೆಗಳಲ್ಲಿ ಔಷಧಕ್ಕೆ ಕಾದು ಕುಳಿತವರ ಮುಂದೆ ವರಾಂಡದಲ್ಲಿ ಬೋಧನೆ ನಡೆಯುತ್ತಿದ್ದುದು ಸಾಮಾನ್ಯ ರೂಢಿ. ನೋವಿನಲ್ಲಿರುವವನಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯವಿರುವುದಿಲ್ಲ. ಕೈಯಲ್ಲಿ ಮದ್ದಿರುವವನು ಏನು ಹೇಳಿದರೂ ಅದು ಅರ್ಧ ಅಪ್ಪಣೆ. ಸೇವೆ ಮಾಡುವುದಾದರೆ ಮತಾಂತರದ ಆಸೆಯಿಲ್ಲದೆ ಮಾಡಿರೆಂದು ಗಾಂಧೀಜಿ ಮಿಷನರಿಗಳಿಗೆ ಮತ್ತೆ ಮತ್ತೆ ಹೇಳಿದ್ದು ಈ ಕಾರಣಕ್ಕೇ. ಇದು ಕ್ರೈಸ್ತರಿಗಷ್ಟೇ ಅನ್ವಯಿಸುವ ಮಾತಲ್ಲ; ಔಷಧದ ಪೊಟ್ಟಣದ ಜೊತೆ ತನ್ನ ನಂಬಿಕೆಯ ಚೀಟಿ ಅಂಟಿಸುವ ಯಾರಿಗೂ ಅನ್ವಯಿಸುತ್ತದೆ. ಆ ಮಗು ಮುಂದೆ ವೈದ್ಯಳಾದರೆ ಅವಳಿಗೂ ಇದನ್ನೇ ಹೇಳುವೆ. ಈಗಲೇ ಹೇಳಬೇಕಾದ ಅವಸರವೇನಿಲ್ಲ, ಅವಳು ಇನ್ನೂ ಭಿನ್ನರಾಶಿಯ ಲೆಕ್ಕದಲ್ಲಿದ್ದಾಳೆ.

ಮಿಷನರಿಯ ಮಗನಾಗಿ ಹುಟ್ಟಿ ವೈದ್ಯಕ್ಕೆ ಹೊಸ ಕಣ್ಣು ಕೊಟ್ಟ ಪಾಲ್ ಬ್ರ್ಯಾಂಡ್ ಅವರನ್ನು ಇಲ್ಲಿ ನೆನೆಯದೆ ಹೋದರೆ ನನಗೆ ಸಮಾಧಾನವಿಲ್ಲ. ತಮಿಳುನಾಡಿನ ಕೊಲ್ಲಿಮಲೆಯ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ, ತಂದೆ ಕೀವು ರಕ್ತಗಳ ನಡುವೆ ಮಾಡುತ್ತಿದ್ದ ಚಿಕಿತ್ಸೆಯನ್ನು ಕಂಡರೆ ಹೇವರಿಕೆ. ಆದ್ದರಿಂದ ಮೊದಲು ಕಟ್ಟಡ ಕಟ್ಟುವ ಕಸುಬು ಕಲಿತರು. ಆಮೇಲೆ ವೈದ್ಯರಾಗಿ 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ಕೊಳೆತು ಉದುರುತ್ತವೆಂದು ಎಲ್ಲರೂ ನಂಬಿದ್ದ ಕಾಲವದು. ಬೆರಳು ತಾನಾಗಿ ಕೊಳೆಯುವುದಿಲ್ಲ. ಸ್ಪರ್ಶ ಸತ್ತುಹೋಗಿರುವುದರಿಂದ ಸುಟ್ಟದ್ದು, ಕೊಯ್ದದ್ದು, ಒತ್ತಿದ್ದು ಯಾವುದೂ ರೋಗಿಗೆ ತಿಳಿಯದೆ ಗಾಯದ ಮೇಲೆ ಗಾಯವಾಗಿ ಅಂಗ ಹೋಗುತ್ತದೆ ಎಂದು ಅವರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಮಡಚಿಕೊಂಡ ಕೈಗಳಿಗೆ ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಚಲನೆ ಮರಳಿಸಿದರು. 1966ರಲ್ಲಿ ಅಮೆರಿಕದ ಲೂಯಿಸಿಯಾನಾದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ, ಅದೇ ತಿಳಿವನ್ನು ಸಕ್ಕರೆ ಕಾಯಿಲೆಯವರ ಮರಗಟ್ಟಿದ ಪಾದಗಳಿಗೆ ಅನ್ವಯಿಸಿದರು. ಭಾನುವಾರ ನನ್ನ ಮುಂದೆ ಚಪ್ಪಲಿ ಬಿಚ್ಚಿ ಕುಳಿತ ಹಿರಿಯರ ಅಂಗಾಲನ್ನು ನಾನು ನೈಲಾನ್ ಎಳೆಯಿಂದ ಮುಟ್ಟಿ, ‘ತಿಳಿಯಿತೇ ರಾಯರೇ’ ಎಂದು ಕೇಳುವಾಗ, ವೆಲ್ಲೂರಿನ ಆ ಕುಷ್ಠರೋಗಿಗಳಿಂದ ಕಲಿತ ಪಾಠವೇ ನಮ್ಮವರ ಪಾದಕ್ಕೆ ಬಂದು ಮುಟ್ಟುತ್ತಿರುತ್ತದೆ.

ಇನ್ನೊಂದು ಮಾತನ್ನು ಕೊಂಚ ಖಾರವಾಗಿಯೇ ಹೇಳಬೇಕಾಗಿದೆ. ಮಗುವಿನ ಮಾತಿಗೆ ಮುಖ ಸಿಂಡರಿಸಿದ ಮನೆಗಳಲ್ಲಿ ಕೆಲವರು ಪ್ರತಿ ವಸಂತದಲ್ಲಿ ನನ್ನ ಬಳಿ ಶಿಫಾರಸು ಪತ್ರ ಕೇಳಲು ಬರುತ್ತಾರೆ. ಹದಿನಾರು ಹದಿನೇಳರ ಮಗ ಅಥವಾ ಮಗಳು ಬೇಸಿಗೆಯಲ್ಲಿ ಎರಡು ವಾರ ಮಧ್ಯ ಅಮೆರಿಕಕ್ಕೋ ಕೀನ್ಯಾಕ್ಕೋ ಅಥವಾ ನಮ್ಮದೇ ರಾಯಚೂರು ಜಿಲ್ಲೆಗೋ ‘ವೈದ್ಯಕೀಯ ಸೇವೆ’ಗೆಂದು ಹೋಗುವುದು, ರೋಗಿಗಳ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಆ ಅನುಭವವನ್ನು ಕಾಲೇಜು ಪ್ರವೇಶದ ಪ್ರಬಂಧದಲ್ಲಿ ಬರೆಯುವುದು. ಖರ್ಚಾಗುವುದು ಸಾವಿರಾರು ಡಾಲರು. ಅಲ್ಲಿನ ಜನರ ಒಂದು ಮಾತೂ ತಿಳಿಯದು, ಒಂದು ಗಾಯಕ್ಕೆ ಪಟ್ಟಿ ಕಟ್ಟಲೂ ಬಾರದು, ಮತ್ತೆಂದೂ ಅಲ್ಲಿಗೆ ಹೋಗುವುದೂ ಇಲ್ಲ. ಇಲ್ಲಿ ನಮ್ಮ ಮಗುವಿಗೆ ಯಾರೂ ಸೂಜಿ ಹಿಡಿಯಗೊಡದಿರುವಾಗ, ಅಲ್ಲಿಯ ಬಡವನ ತೋಳಿನ ಮೇಲೆ ಅದು ಅಭ್ಯಾಸ ಮಾಡಬಹುದೆಂದು ಒಪ್ಪುವುದು ಯಾವ ನ್ಯಾಯ? ಜಾನ್ ಸ್ಕಡರರ ಮಕ್ಕಳ ಪುಸ್ತಕದ ಆ ‘ಎತ್ತಲು ಬರುವ ಬಾಲಕ’ ಈಗ ನಮ್ಮ ಮನೆಯಲ್ಲೇ ಹುಟ್ಟಿದ್ದಾನೆ, ಬೈಬಲ್ ಮಾತ್ರ ಕೈಯಲ್ಲಿಲ್ಲ. ಈ ಇಬ್ಬರು ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿದರೆ, ಯಾವ ಲಾಭದ ಲೆಕ್ಕವೂ ಇಲ್ಲದೆ ತನ್ನ ಮನಸ್ಸನ್ನು ತೆರೆದಿಟ್ಟ ಆ ಹತ್ತು ವರ್ಷದವಳ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಅವಳ ಕರೆ ಉಳಿಯುತ್ತದೆಯೇ? ಬಹುಶಃ ಇಲ್ಲ. ಹತ್ತರ ವಯಸ್ಸಿನಲ್ಲಿ ನಾವೆಲ್ಲರೂ ಬಯಸಿದ್ದು ಆಗಿದ್ದರೆ ಈ ಕೂಟದ ತುಂಬ ಬಸ್ ಕಂಡಕ್ಟರುಗಳೂ ವಿಷ್ಣುವರ್ಧನರೂ ಇರಬೇಕಿತ್ತು. ಹದಿನಾಲ್ಕಕ್ಕೆ ಅದು ಮಾಯವಾದರೆ ಮನೆಯವರು ನೆನಪಿಸಿ ಹಂಗಿಸಬಾರದು; ಉಳಿದರೆ ಅವಸರಪಡಿಸಬಾರದು. ಅವಳ ತಂದೆ ನನ್ನೊಡನೆ ಮಾತಾಡಿದಾಗ, ಕೂಟದವರಿಗಿಂತ ಹೆಚ್ಚು ಕಳವಳ ಅವರಲ್ಲೇ ಇದ್ದದ್ದನ್ನು ಕಂಡೆ. ‘ಡಾಕ್ಟರೇ, ನಾವು ಹೇಳಿಕೊಟ್ಟದ್ದಲ್ಲ ಇದು. ಇರೋಳು ಒಬ್ಬಳೇ ಮಗಳು, ಅಷ್ಟು ದೂರ ಹೋಗ್ತೀನಿ ಅಂದ್ರೆ ನಮಗೂ ಎದೆ ಧಸಕ್ ಅಂತದ’ ಎಂದರು. ನಮ್ಮನ್ನು ಈ ದೇಶಕ್ಕೆ ಕಳಿಸಿದ ದಿನ ಊರಿನಲ್ಲಿದ್ದ ನಮ್ಮ ತಂದೆತಾಯಿಯರ ಎದೆಯೂ ಹಾಗೆಯೇ ಅಂದಿರಬೇಕಲ್ಲವೆ ಎಂದೆ. ಅವರು ನಕ್ಕರು, ಉತ್ತರ ಹೇಳಲಿಲ್ಲ.

ಕಾರ್ಯಕಾರಿ ಸಮಿತಿಯ ಮುಂದೆ ಎರಡು ಸಲಹೆಗಳನ್ನು ಇಟ್ಟಿದ್ದೇನೆ. ತರಗತಿಯಲ್ಲಿ ಮಕ್ಕಳು ಓದಿದ ಬರಹಗಳನ್ನೆಲ್ಲ ಪ್ರತಿ ವರ್ಷ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಈ ಬಾಲಕಿಯ ಬರಹವನ್ನು ಸ್ಥಳಾಭಾವದ ನೆಪದಲ್ಲಿ ಬಿಡದೆ, ಒಂದು ಅಕ್ಷರವನ್ನೂ ತಿದ್ದದೆ ಅಚ್ಚು ಹಾಕಬೇಕು. ಎರಡನೆಯದು, ಈ ಸಲದ ರಾಜ್ಯೋತ್ಸವದ ಪ್ರದರ್ಶನದಲ್ಲಿ ಮೋಗ್ಲಿಂಗ್, ಕಿಟೆಲ್, ಕೌಂಡಿನ್ಯ ಮೂವರಿಗೂ ಒಂದು ಮೇಜು ಇರಲಿ. ಕೌಂಡಿನ್ಯರ ಜೊತೆ ಬಾರದ ಆ ಪತ್ನಿಯ ವಿಷಯವೂ ಅಲ್ಲಿ ಎರಡು ಸಾಲು ಇರಲಿ. ಕಿಟೆಲ್ ಕೋಶದ ಮರುಮುದ್ರಣದ ಪ್ರತಿ ನನ್ನಲ್ಲಿದೆ, ತರುತ್ತೇನೆ. ಬೆಟಗೇರಿ, ಮೈಸೂರಿನ ಹೋಲ್ಡ್ಸ್‌ವರ್ತ್ ಅಥವಾ ಇನ್ನಾವುದೇ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ನಮ್ಮಲ್ಲಿ ಎಷ್ಟು ಜನರಿದ್ದೇವೆಂದು ತಿಳಿಯುವ ಕುತೂಹಲ ನನಗಿದೆ. ಮನೆಯಲ್ಲಿ ಹಳೆಯ ಜನನ ಚೀಟಿಯೋ ಫೋಟೋವೋ ಇದ್ದರೆ ಅಕ್ಟೋಬರ್ ಮೊದಲ ಭಾನುವಾರ, ಬಿಪಿ ತೋರಿಸಲು ಬರುವಾಗ, ಜೊತೆಗೆ ತನ್ನಿ.